ಮುಚ್ಚಿದ ತೂಬು, ಬತ್ತದ ಕಾಲುವೆ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳ ಮಗ್ಗುಲಲ್ಲಿ ಕೆಂಪನೆಯ ಕೂಸು ಕಣ್ಣು ಬಿಟ್ಟಾಗ, ಮುಳವಾಡದಂಥ ನಮ್ಮ ಊರುಗಳಲ್ಲಿ ಮನೆಯ ಹಿರಿಯಳು ದೃಷ್ಟಿ ತೆಗೆದು, "ಅವ್ವನ ರಕ್ತಾನ ಹಂಚಿಕೊಂಡು ಹುಟ್ಟೇತಿ" ಎನ್ನುವುದುಂಟು. ಮಾತು ಅಕ್ಕರೆಯದು, ಶಾಸ್ತ್ರ ಹೇಳುವುದು ಬೇರೆ. ಆ ರಕ್ತ ತಾಯಿಯದಲ್ಲ. ವರ್ಷ ತುಂಬಿದ ಮೇಲೆ ಆ ಕೂಸಿನ ಮೈಯಲ್ಲೇ ಹರಿಯಲಿರುವ ರಕ್ತದಂಥದೂ ಅಲ್ಲ!

ರಕ್ತಕ್ಕೆ ಕೆಂಪು ಬಣ್ಣವನ್ನಿತ್ತು ಆಮ್ಲಜನಕವನ್ನು ಹೊರುವ ವಸ್ತು ಹಿಮೋಗ್ಲೋಬಿನ್. ದೊಡ್ಡವರಲ್ಲಿ ಅದು ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳ ಹೆಣಿಗೆ. ಗರ್ಭದ ಶಿಶುವಿನಲ್ಲಿ ಬೀಟಾದ ಬದಲು ಗಾಮಾ ಇರುತ್ತದೆ. ಶಿಶು ಸ್ವತಃ ಉಸಿರಾಡದು. ಮಾಸಿನ ಮೂಲಕ ತಾಯಿಯ ರಕ್ತದಿಂದಲೇ ಆಮ್ಲಜನಕವನ್ನು ಸೆಳೆಯಬೇಕು. ಗಾಮಾ ಇರುವ ಹಿಮೋಗ್ಲೋಬಿನ್ ಅದನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲದು.

ಕೃಷ್ಣೆಯ ನೀರನ್ನು ಮೇಲೆತ್ತಿ ಒಣಭೂಮಿಗೆ ಹಾಯಿಸುವ ಮುಳವಾಡ ಏತ ನೀರಾವರಿಯನ್ನು ಬಲ್ಲವರಿಗೆ ಮುಂದಿನ ಕಥೆ ಸುಲಭ. ಹನ್ನೊಂದನೆಯ ವರ್ಣತಂತುವಿನ ಮೇಲೆ ಈ ಜೀನುಗಳು ಕಾಲುವೆಯ ತೂಬುಗಳಂತೆ ಸಾಲಾಗಿವೆ. ಮೊದಲ ವಾರಗಳಲ್ಲಿ ತೆರೆಯುವುದು ಎಪ್ಸಿಲಾನ್; ಎರಡನೆಯ ತಿಂಗಳಿನಿಂದ ಗಾಮಾ; ಜನನದ ಆಸುಪಾಸಿನಲ್ಲಿ ಗಾಮಾ ಮುಚ್ಚುತ್ತ ಬಂದು ಬೀಟಾ ತೆರೆಯುತ್ತದೆ. ಹುಟ್ಟಿದಾಗ ಅರ್ಧಕ್ಕಿಂತ ಹೆಚ್ಚಾಗಿದ್ದ ಶೈಶವ ಹಿಮೋಗ್ಲೋಬಿನ್, ವರ್ಷ ಕಳೆಯುವ ಹೊತ್ತಿಗೆ ನೂರಕ್ಕೆ ಒಂದೆರಡು ಪಾಲಿಗೆ ಇಳಿಯುತ್ತದೆ.

ಬೀಟಾ ಜೀನೇ ಕೆಟ್ಟಿದ್ದರೆ? ಆಗಲೇ ಮನೆಗೆ ದುಃಖ ಕಾಲಿಡುವುದು. ತಲಸ್ಸೀಮಿಯಾದ ಕೂಸು ಹುಟ್ಟುವಾಗ ಚೆನ್ನಾಗಿದ್ದು, ತಿಂಗಳುಗಳು ಕಳೆದಂತೆ ಬಿಳಿಚಿಕೊಳ್ಳುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಪರರ ರಕ್ತ ಪಡೆದು ಬದುಕಬೇಕು. ಕುಡುಗೋಲು ಕಣದ ರೋಗವೂ ಹಾಗೆಯೇ ತಡವಾಗಿ ತೋರುತ್ತದೆ. ಹಸುಳೆಗಳನ್ನು ಕಾಯುವುದು ಗರ್ಭದಿಂದ ತಂದ ಹಿಮೋಗ್ಲೋಬಿನ್ನೇ ಇರಬೇಕೆಂದು ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ ೧೯೪೮ರಲ್ಲಿ ಊಹಿಸಿದರು. ನಮ್ಮ ನಾಡಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ರೋಗವುಂಟು. ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಇಂಥ ರೋಗಿಗಳ ಶುಶ್ರೂಷೆಗೆ ನಿಂತಿತು.

ಮುಚ್ಚಿದ ತೂಬು ಒಡೆದ ತೂಬಲ್ಲ. ಗಾಮಾ ಜೀನು ನಮ್ಮೆಲ್ಲರಲ್ಲೂ ಅಖಂಡವಾಗಿ ಮಲಗಿದೆ. ಅದನ್ನು ಮುಚ್ಚುವ ಕಾವಲುಗಾರರಲ್ಲಿ ಮುಖ್ಯನಾದ ಬಿ.ಸಿ.ಎಲ್. ೧೧ ಎ ಎಂಬ ಪ್ರೋಟೀನನ್ನು ೨೦೦೮ರಲ್ಲಿ ಬೋಸ್ಟನ್ನಿನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ಗುರುತಿಸಿದರು. ರೋಗಿಯ ಅಸ್ಥಿಮಜ್ಜೆಯ ಮೂಲಕಣಗಳಲ್ಲಿ ಆ ಕಾವಲನ್ನು ಸಡಿಲಿಸಿ ಮರಳಿ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ೨೦೨೩ರಲ್ಲಿ ಬ್ರಿಟನ್ನೂ ಅಮೆರಿಕವೂ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ ೨೨ ಲಕ್ಷ ಡಾಲರು! ಕುಡುಗೋಲು ಕಣದ ರೋಗಿಗಳಿಗೆ ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧವೂ ಗಾಮಾ ತೂಬನ್ನು ಕೊಂಚ ತೆರೆಯುತ್ತದೆ.

ಆದರೆ ನಮ್ಮ ಕೈಯಲ್ಲೇ ಇರುವ ಉಪಾಯ ಇನ್ನೊಂದು. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆ ನಮ್ಮ ಸೀಮೆಯಲ್ಲಿ ಹಳೆಯದು. ಒಂದೇ ದೋಷ ಗಂಡಹೆಂಡಿರಿಬ್ಬರಲ್ಲೂ ಅಡಗಿರುವ ಸಂಭವ ಇಂಥ ಸಂಬಂಧಗಳಲ್ಲಿ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಮದುವೆಗೆ ಮುನ್ನ ಮಾಡಿಸುವ ರಕ್ತಪರೀಕ್ಷೆ ಈ ಗುಟ್ಟನ್ನು ತಿಳಿಸುತ್ತದೆ. ಕೂಸಿನ ಕೆನ್ನೆಯ ಕೆಂಪು ವರ್ಷ ತುಂಬಿದ ಮೇಲೂ ಉಳಿಯಬೇಕೆನ್ನುವ ಹಿರಿಯರು, ದೃಷ್ಟಿ ತೆಗೆಯುವುದಕ್ಕಿಂತ ಬಹು ಮೊದಲೇ, ಈ ಪರೀಕ್ಷೆಗೆ ಮನಸ್ಸು ಮಾಡಬಾರದೆ?