ಕಡಲಾಚೆಯ ಮನೆಅಳಿಯರು

1823ರಲ್ಲಿ ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಒಂದು ಮದುವೆ ನಡೆಯಿತು. ವರ ಫಿಲಿಪ್ ಟ್ಯಾಪ್ಸೆಲ್, ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿಯುತ್ತಿದ್ದ ಡೆನ್ಮಾರ್ಕಿನ ನಾವಿಕ. ವಧು ಮರಿಯಾ ರಿಂಗಾ, ಙಾಪುಹಿ ಬುಡಕಟ್ಟಿನ ಹುಡುಗಿ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಹೆಣ್ಣಿಗೂ ಬಿಳಿಯನಿಗೂ ಕ್ರೈಸ್ತ ವಿಧಿಯಂತೆ ಆದ ಮದುವೆಗಳಲ್ಲಿ ಮೊದಲನೆಯದೆಂದು ಇದನ್ನು ಗುರುತಿಸುತ್ತಾರೆ. ವಿಧಿ ನಡೆಸಿದ ಪಾದ್ರಿ ಥಾಮಸ್ ಕೆಂಡಲ್. ಹೆಂಡತಿ ಮಕ್ಕಳಿದ್ದ ಕೆಂಡಲ್, ಮಾವೋರಿ ಪೂಜಾರಿಯೊಬ್ಬನ ಮಗಳು ತೂಙಾರೋವಾಳನ್ನು ಹಚ್ಚಿಕೊಂಡದ್ದಕ್ಕಾಗಿ ಅವನ ಮಿಷನ್ ಹಿಂದಿನ ವರ್ಷವಷ್ಟೇ ಅವನನ್ನು ಕೆಲಸದಿಂದ ತೆಗೆದಿತ್ತು. ಮದುವೆಯಾದ ದಿನವೇ ರಿಂಗಾ ಗಂಡನನ್ನು ಬಿಟ್ಟು ಹೊರಟುಹೋದಳು.

ಅವಳು ಯಾಕೆ ಹೋದಳೆಂಬುದನ್ನು ಅವಳ ಬಾಯಿಂದಲೇ ಕೇಳಿ ಬರೆದಿಟ್ಟವರು ಯಾರೂ ಇಲ್ಲ. ಆದರೆ ಹೋಗುವ ಸ್ವಾತಂತ್ರ್ಯ ಅವಳಿಗಿತ್ತು ಎನ್ನುವುದು ಮುಖ್ಯ. ಹಿಂದೆ ಅವಳ ಜನವಿತ್ತು, ಕಾಲ ಕೆಳಗೆ ಅವಳ ನೆಲವಿತ್ತು. ಒಂಟಿಯಾಗಿ ಬಂದವನು ಗಂಡು.

ಟ್ಯಾಪ್ಸೆಲ್ 1830ರಲ್ಲಿ ಕರುಹಿ ಎಂಬ ಇನ್ನೊಬ್ಬ ಙಾಪುಹಿ ಹೆಣ್ಣನ್ನು ಮದುವೆಯಾದ. ಆಮೇಲೆ ಪೂರ್ವ ಕರಾವಳಿಯ ಮಾಕೆತುವಿನಲ್ಲಿ ಅಂಗಡಿ ಹಾಕಿ, ಹಡಗಿನ ಹಗ್ಗಕ್ಕೆ ಬೇಕಾದ ಹರಕೆಕೆ ನಾರನ್ನು ಕೊಂಡು ಕೋವಿ ಮದ್ದುಗುಂಡು ಕೊಡುವ ವ್ಯಾಪಾರಕ್ಕೆ ಕೂತ. ಕರುಹಿ ತೀರಿಕೊಂಡ ಮೇಲೆ ತೆ ಅರಾವಾ ಬುಡಕಟ್ಟಿನ ಹಿರಿಮನೆಯ ಹೆಣ್ಣು ಹಿನೆ-ಇ-ತೂರಾಮಾ ಅವನ ಕೈ ಹಿಡಿದಳು. ಬಿಷಪ್ ಪೊಂಪಾಲಿಯೆ 1841ರಲ್ಲಿ ಇವರಿಬ್ಬರ ಮದುವೆಯನ್ನು ಚರ್ಚಿನ ಪುಸ್ತಕಕ್ಕೆ ಸೇರಿಸುವ ಹೊತ್ತಿಗೆ ಮಕ್ಕಳೂ ಹುಟ್ಟಿದ್ದರು. ಹೆಂಡತಿಯ ಕಡೆಯವರ ಪಾಲಿಗೆ ಅವನು ಎಂದೋ ಅಳಿಯನಾಗಿದ್ದ. ಮಾಕೆತುವಿನಲ್ಲಿ ಅವನು ನೆಲೆ ನಿಂತದ್ದು ಅವರ ಬಲದಿಂದಲೇ.

ಹೆಂಡತಿಯ ಮನೆಯಲ್ಲೇ ಬೇರುಬಿಟ್ಟವನಿಗೆ ಕನ್ನಡದಲ್ಲಿ ಒಂದು ಹೆಸರಿದೆ: ಮನೆಅಳಿಯ. ನ್ಯೂಜಿಲೆಂಡಿನ ಮೊದಲ ತಲೆಮಾರಿನ ಮಿಶ್ರ ಕುಟುಂಬಗಳನ್ನು ಅರ್ಥ ಮಾಡಿಕೊಳ್ಳಲು ಈ ಪದಕ್ಕಿಂತ ಒಳ್ಳೆಯ ಕೀಲಿ ನನಗೆ ಸಿಕ್ಕಿಲ್ಲ. ಬಿಳಿಯ ಗಂಡು ಕರಿಯ ನಾಡಿಗೆ ಹೋಗಿ ಹೆಣ್ಣನ್ನು ತನ್ನ ಮನೆಗೆ ತಂದುಕೊಂಡ ಎಂಬ ವಸಾಹತು ಕಾಲದ ಮಾಮೂಲಿ ಚಿತ್ರ ಇಲ್ಲಿ ತಲೆಕೆಳಗಾಗುತ್ತದೆ. 1840ರಲ್ಲಿ ಆ ದ್ವೀಪಗಳಲ್ಲಿ ಯುರೋಪಿಯನ್ನರು ಸುಮಾರು ಎರಡು ಸಾವಿರವಷ್ಟೇ ಇದ್ದರು. ಮಾವೋರಿಗಳು ಅದರ ಹತ್ತಾರು ಪಟ್ಟು. ಅಲ್ಲಿ ಬದುಕಬೇಕೆಂದರೆ ಯಾರದಾದರೂ ನೆಂಟನಾಗಬೇಕಿತ್ತು. ಬಂದವರೆಲ್ಲ ಬಿಳಿಯರೇ ಎಂದೂ ಅಲ್ಲ. 1810ರ ಸುಮಾರಿಗೆ ‘ಸಿಟಿ ಆಫ್ ಎಡಿನ್‌ಬರೋ’ ಹಡಗಿನಿಂದ ತಪ್ಪಿಸಿಕೊಂಡ ಭಾರತೀಯ ಲಸ್ಕರನೊಬ್ಬ, ಅಂದರೆ ಹಡಗಿನ ಆಳು, ಬೇ ಆಫ್ ಐಲೆಂಡ್ಸ್‌ನಲ್ಲಿ ಮಾವೋರಿ ಹೆಣ್ಣನ್ನು ಕಟ್ಟಿಕೊಂಡು ಅಲ್ಲೇ ಉಳಿದಿದ್ದ.

ಅಳಿಯನ ಬೆಲೆ, ಅಳಿಯನ ಹೊಣೆ

ಬುಡಕಟ್ಟಿನ ಹಿರಿಯರಿಗೆ ಇಂಥ ಅಳಿಯ ಯಾಕೆ ಬೇಕಿತ್ತು? ಕಬ್ಬಿಣ, ಕೋವಿ, ಕಂಬಳಿ, ಹಡಗುಗಳ ಸಂಪರ್ಕ ಇವೆಲ್ಲ ಅವನ ಜೊತೆಗೆ ಬರುತ್ತಿದ್ದವು. ಮಾವೋರಿ ಹಿರಿಮನೆಗಳಲ್ಲಿ ಮಕ್ಕಳ ಸಂಬಂಧವನ್ನು ಮುಂಚೆಯೇ ಗೊತ್ತು ಮಾಡುವ ‘ತೌಮೌ’ ಎಂಬ ಪದ್ಧತಿಯಿತ್ತು. ಎರಡು ಕುಲಗಳ ನಡುವೆ ಮದುವೆಯಿಂದ ಸೇತುವೆ ಕಟ್ಟುವುದು ಅವರಿಗೆ ಹೊಸದಲ್ಲ. ಬಂದ ‘ಪಾಕೆಹಾ’, ಅಂದರೆ ಬಿಳಿಯ, ಆ ಹಳೆಯ ಏರ್ಪಾಡಿನೊಳಗೇ ಸೇರಿಕೊಂಡ. ಕಟ್ಟುಪಾಡುಗಳಿಗೂ ಅವನು ತಲೆಬಾಗಬೇಕಿತ್ತು. ಅವನ ಅಜಾಗರೂಕತೆಯಿಂದ ಮನೆಯವರಿಗೆ ಕೇಡಾದರೆ ನೆಂಟರೆಲ್ಲ ಗುಂಪಾಗಿ ಬಂದು ಅವನ ಸಾಮಾನು ಹೊತ್ತುಕೊಂಡು ಹೋಗುತ್ತಿದ್ದರು. ‘ಮುರು’ ಎಂಬ ಈ ದಂಡವನ್ನು ಎದುರು ನುಡಿಯದೆ ಒಪ್ಪಿಕೊಳ್ಳುವುದೇ ಮರ್ಯಾದೆ.

ಈಗಿನ ನ್ಯೂ ಪ್ಲಿಮತ್ ಬಳಿಯ ಙಾಮೊತುವಿಗೆ 1828ರಲ್ಲಿ ಇಬ್ಬರು ಗೆಳೆಯರು ಬಂದಿಳಿದರು: ಡಿಕಿ ಬ್ಯಾರೆಟ್ ಮತ್ತು ಜಾಕಿ ಲವ್. (ಕನ್ನಡಿಗರು ವರ್ಣಮಾಲೆಯಲ್ಲಿ ಕಲಿತು ಆಮೇಲೆ ಬಳಸುವುದೇ ಅಪರೂಪವಾದ ಙ ಅಕ್ಷರದಿಂದ ಎಷ್ಟೋ ಮಾವೋರಿ ಹೆಸರುಗಳು ಶುರುವಾಗುತ್ತವೆ.) ಬ್ಯಾರೆಟ್ ಆ ಊರಿನ ವಾಕಾಇವಾ ರಾವಿನಿಯಾಳನ್ನು, ಲವ್ ಮೆರೆರೂರುವನ್ನು ವರಿಸಿದರು. 1832ರಲ್ಲಿ ವೈಕಾಟೋ ಬುಡಕಟ್ಟಿನ ಸೇನೆ ಊರಿಗೆ ಮುತ್ತಿಗೆ ಹಾಕಿತು. ಹಡಗೇರಿ ತಪ್ಪಿಸಿಕೊಳ್ಳಬಹುದಾಗಿದ್ದ ಈ ಅಳಿಯಂದಿರು ಕೋಟೆಯೊಳಗೇ ನಿಂತು ಹಡಗಿನ ಫಿರಂಗಿಗಳನ್ನು ಮಾವನ ಮನೆಯವರ ಪರವಾಗಿ ಹಾರಿಸಿದರು. ಮುತ್ತಿಗೆ ಮುರಿಯಿತು. ಆ ಜನ ಊರು ತೊರೆದು ದಕ್ಷಿಣಕ್ಕೆ ವಲಸೆ ಹೊರಟಾಗ ಇವರೂ ಹೆಂಡತಿ ಮಕ್ಕಳೊಂದಿಗೆ ಹಿಂದೆ ನಡೆದರು. ಲೆಕ್ಕಾಚಾರದಿಂದ ಶುರುವಾದ ಸಂಬಂಧವೂ ಗಟ್ಟಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಇದೇ ಬ್ಯಾರೆಟ್‌ನಿಂದ ದೊಡ್ಡ ಅನ್ಯಾಯವೂ ಆಯಿತು. 1839ರಲ್ಲಿ ನ್ಯೂಜಿಲೆಂಡ್ ಕಂಪನಿ ಭೂಮಿ ಕೊಳ್ಳಲು ಬಂದಾಗ ಅವನೇ ದುಭಾಷಿ. ಹೆಂಡತಿಯೊಡನೆ ಊಟ ತಿಂಡಿ ಮಾತಾಡಲು, ನಾರು ಹಂದಿ ಆಲೂಗೆಡ್ಡೆ ಚೌಕಾಸಿ ಮಾಡಲು ಸಾಕಾಗುವಷ್ಟು ಮಾವೋರಿ ಅವನಿಗೆ ಬರುತ್ತಿತ್ತು. ಕಂಪನಿಯ ಉದ್ದುದ್ದ ಕಾನೂನು ಪತ್ರವನ್ನು ತಿಳಿಹೇಳುವಷ್ಟು ಬರುತ್ತಿರಲಿಲ್ಲ. ವೆಲಿಂಗ್ಟನ್ ಕೊಲ್ಲಿಯ ಸುತ್ತಲಿನ ನೆಲ ಎಂದೆಂದಿಗೂ ಕೈಬಿಟ್ಟು ಹೋಗುತ್ತದೆಂದು ರುಜು ಹಾಕಿದವರಿಗೆ ಅವನ ಮಾತಿನಿಂದ ಗೊತ್ತಾಗಿರಲಾರದು. ಅವನು ಬೇಕೆಂದೇ ಮೋಸ ಮಾಡಿದ ಎಂದು ನಾನು ಹೇಳಲಾರೆ. ಮನೆಯವನ ಮೇಲಿನ ನಂಬಿಕೆಯನ್ನು ಕಂಪನಿ ಬಳಸಿಕೊಂಡಿತು, ಅವನು ಬಳಸಿಕೊಳ್ಳಲು ಬಿಟ್ಟ.

ನೆಲ ಮತ್ತು ಮಾಸು

ಮಾವೋರಿಯಲ್ಲಿ ‘ಫೆನುವಾ’ ಎಂದರೆ ನೆಲ. ಹೆರಿಗೆಯಾದ ಮೇಲೆ ಬೀಳುವ ಮಾಸಿಗೂ ಅದೇ ಹೆಸರು. ಮಗು ಹುಟ್ಟಿದರೆ ಮಾಸನ್ನು ಕುಲದ ನೆಲದಲ್ಲಿ ಹೂಳುತ್ತಾರೆ. ‘ಫಾನೌ’ ಎಂದರೆ ಕುಟುಂಬ, ಹುಟ್ಟುವುದು ಎಂದೂ ಅರ್ಥ. ಹಲವು ಕುಟುಂಬಗಳ ಗುಂಪು ‘ಹಪೂ’, ಬಸುರಿಗೂ ಅದೇ ಪದ. ಬುಡಕಟ್ಟಿಗೆ ‘ಇವಿ’ ಎನ್ನುತ್ತಾರೆ, ಮೂಳೆ ಎಂಬುದೂ ಇವಿಯೇ. ಇಡೀ ಸಮಾಜವನ್ನು ಹೆತ್ತ ಮೈಯ ಮಾತಿನಲ್ಲಿ ಹೇಳುವ ಭಾಷೆ ಇದು. ಕರುಳಬಳ್ಳಿ ಎನ್ನುವ ನಮಗೆ ಅದರ ಬಿಸಿ ತಟ್ಟದೆ ಇರದು.

ಈ ಭಾಷೆಯಲ್ಲಿ ಯೋಚಿಸುವವರಿಗೆ ‘ಅರ್ಧ’ ಮಗು ಎಂಬುದೇ ಇಲ್ಲ. ‘ಫಾಕಪಾಪಾ’, ಅಂದರೆ ವಂಶಾವಳಿಯಲ್ಲಿ, ತಾಯಿಯ ಮೂಲಕವೋ ತಂದೆಯ ಮೂಲಕವೋ ಒಂದು ಎಳೆ ಸಿಕ್ಕರೆ ಆ ಮಗು ಪೂರ್ತಿ ತಮ್ಮದೇ. ಹೆತ್ತವರು ಬಿಟ್ಟು ಹೋದರೂ ಮಗು ತಬ್ಬಲಿಯಾಗುತ್ತಿರಲಿಲ್ಲ. ಅಜ್ಜಿಯೋ ಚಿಕ್ಕಮ್ಮನೋ ಸಾಕುವ ‘ಫಾಂಗೈ’ ಪದ್ಧತಿ ಇತ್ತು, ಈಗಲೂ ಇದೆ. ಫಾಂಗೈ ಎಂದರೆ ಉಣಿಸುವುದು. ಇಲ್ಲಿ ಸಾಕುಮಗುವಿನಿಂದ ಹೆತ್ತ ತಾಯಿಯ ಹೆಸರನ್ನು ಮುಚ್ಚಿಡುವುದಿಲ್ಲ; ಬಳ್ಳಿ ಎಲ್ಲಿಂದ ಬಂತೆಂದು ಎಲ್ಲರಿಗೂ ತಿಳಿದೇ ಇರುತ್ತದೆ.

ತೆ ರಂಗಿ ಹಿರೋವಾ, ಅಂದರೆ ಪೀಟರ್ ಬಕ್ ಅವರ ಹುಟ್ಟು ಇದಕ್ಕೆ ಕಣ್ಣೆದುರಿನ ಉದಾಹರಣೆ. ತಾರನಾಕಿ ಸೀಮೆಯ ಉರೆನುಯಿಯಲ್ಲಿದ್ದ ಐರಿಷ್ ಮೂಲದ ವಿಲಿಯಂ ಬಕ್‌ಗೆ ಙಾರೊಂಗೊ ಎಂಬ ಮಾವೋರಿ ಹೆಂಡತಿ. ಆಕೆಗೆ ಮಕ್ಕಳಾಗಲಿಲ್ಲ. ಮಾವೋರಿ ರೂಢಿಯಂತೆ ಆಕೆಯ ಹತ್ತಿರದ ನೆಂಟಳಾದ ರಿನಾ ಆ ದಂಪತಿಗಳಿಗಾಗಿ ಮಗುವನ್ನು ಹೆತ್ತುಕೊಟ್ಟಳು. ಸ್ವಲ್ಪ ಕಾಲದಲ್ಲೇ ರಿನಾ ತೀರಿಕೊಂಡಳು. ಙಾರೊಂಗೊ ಮಗನನ್ನು ಸಾಕಿ, ಮಾವೋರಿ ಮಾತನ್ನು ಎದೆಗಿಳಿಸಿದಳು. ಮುಂದೆ ಅವರು ವೈದ್ಯರಾದರು, ಪಾರ್ಲಿಮೆಂಟಿಗೆ ಹೋದರು, ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ನಿರ್ದೇಶಕರಾಗಿ ಪಾಲಿನೇಷ್ಯಾದ ಜನಜೀವನದ ಬಗ್ಗೆ ಜಗತ್ತಿಗೇ ಪಾಠ ಹೇಳಿದರು. ಇಂಗ್ಲಿಷ್ ಕಾನೂನಿನ ಕಣ್ಣಿಗೆ ಇಂಥ ಮಗು ಮದುವೆಯಾಚೆ ಹುಟ್ಟಿದ್ದು, ಅಷ್ಟೇ. ಉರೆನುಯಿಯವರ ಕಣ್ಣಿಗೆ ಇಬ್ಬರು ತಾಯಂದಿರ ಮಗ.

ಲೆಕ್ಕ ಬದಲಾದದ್ದು

1840ರಲ್ಲಿ ಮಾವೋರಿ ನಾಯಕರಿಗೂ ಬ್ರಿಟಿಷರಿಗೂ ನಡುವೆ ವೈಟಾಂಗಿ ಒಪ್ಪಂದವಾಗಿ ಬ್ರಿಟಿಷ್ ಆಡಳಿತ ಬಂತು. ವಲಸಿಗರ ಹಡಗುಗಳು ಸಾಲುಗಟ್ಟಿದವು. 1858ರ ಹೊತ್ತಿಗೆ ವಲಸಿಗರು 59,000, ಮಾವೋರಿಗಳು 56,000. ತಕ್ಕಡಿ ವಾಲಿತು. ಬಿಳಿಯ ಹೆಂಗಸರೂ ಬಂದರು, ಚರ್ಚು ಕಚೇರಿ ಅಂಗಡಿ ಎಲ್ಲ ಬಂದವು. ಮಾವನ ಮನೆಯ ಹಂಗು ಬೇಕಿಲ್ಲದ ಕಾಲ ಬಂತು.

ಅಮೆರಿಕದ ಎಷ್ಟೋ ರಾಜ್ಯಗಳಂತೆ ಇಲ್ಲಿ ಬೆರಕೆ ಮದುವೆಯನ್ನು ನಿಷೇಧಿಸುವ ಕಾಯಿದೆ ಎಂದೂ ಬರಲಿಲ್ಲ. ಇದನ್ನೇ ಎತ್ತಿ ಹಿಡಿದು ನ್ಯೂಜಿಲೆಂಡ್ ಉದಾರವಾಗಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮದುವೆಯ ಮೂಲಕ ಮಾವೋರಿಗಳು ಬಿಳಿಯರಲ್ಲಿ ಕರಗಿಹೋಗಲಿ ಎಂಬುದೇ ಆಳುವವರ ನೀತಿಯಾಗಿದ್ದಾಗ ನಿಷೇಧಿಸುವ ಅಗತ್ಯವೇನಿತ್ತು? ಮದುವೆಗೆ ಅಡ್ಡಿ ಇರಲಿಲ್ಲ, ಮದುವೆಯ ದಿಕ್ಕು ಮಾತ್ರ ತಿರುಗಿತು. ಮಾವೋರಿ ಕಟ್ಟಿನ ಮದುವೆಗಿಂತ ರಿಜಿಸ್ಟರಿನ ಮದುವೆಗೆ ಬೆಲೆ ಬಂತು. ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಯ ಆಸ್ತಿ ಗಂಡನ ಅಧೀನ. 1884ರ ಕಾಯಿದೆ ಬರುವವರೆಗೂ ಹಾಗೇ ಇತ್ತು. ಕುಲದ ನೆಲವನ್ನು ಒಬ್ಬೊಬ್ಬರ ಹೆಸರಿಗೆ ಬಿಡಿಸಿ ಬರೆಯುವ ನೇಟಿವ್ ಲ್ಯಾಂಡ್ ಕೋರ್ಟ್ 1865ರಿಂದ ಕೆಲಸಕ್ಕಿಳಿಯಿತು. ಅದರ ನ್ಯಾಯಾಧೀಶರಲ್ಲೊಬ್ಬ ಫ್ರೆಡರಿಕ್ ಮ್ಯಾನಿಂಗ್. ಅವನು 1833ರಲ್ಲಿ ಹೊಕಿಯಾಂಗಾಕ್ಕೆ ಬಂದು ಮೊಯೆಂಗಾರೋವಾಳನ್ನು ವರಿಸಿ ನಾಲ್ಕು ಮಕ್ಕಳ ತಂದೆಯಾದವನು, ಹಳೆಯ ಮಾವೋರಿ ಬದುಕಿನ ಬಗ್ಗೆ ಹೆಸರಾಂತ ಪುಸ್ತಕ ಬರೆದವನು. ಹೆಂಡತಿ 1847ರಲ್ಲಿ ತೀರಿಕೊಂಡಳು. ಕೊನೆಗಾಲದಲ್ಲಿ ಅವನು ತನ್ನ ಮಕ್ಕಳಿಂದಲೇ ದೂರವಾಗಿದ್ದ.

ಮಕ್ಕಳನ್ನು ಅಳೆಯುವುದೂ ಶುರುವಾಯಿತು. ಜನಗಣತಿಯಲ್ಲಿ ಎರಡು ಅಂಕಣ: ಮಾವೋರಿಗಳಂತೆ ಬದುಕುವ ಮಿಶ್ರ ಸಂತಾನ, ಯುರೋಪಿಯನ್ನರಂತೆ ಬದುಕುವ ಮಿಶ್ರ ಸಂತಾನ. ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣ ಒಂದು ಅಂಕಣಕ್ಕೆ, ತಂಗಿ ಇನ್ನೊಂದಕ್ಕೆ ಬೀಳಬಹುದಿತ್ತು. ದಕ್ಷಿಣ ದ್ವೀಪದಲ್ಲಿ ಸರ್ಕಾರ 1848ರಲ್ಲಿ ಙಾಯಿ ತಾಹು ಬುಡಕಟ್ಟಿನಿಂದ ಸುಮಾರು 2 ಕೋಟಿ ಎಕರೆ ನೆಲವನ್ನು ಬರೀ 2,000 ಪೌಂಡಿಗೆ ಕೊಂಡಿತ್ತು. ಮಿಶ್ರ ಕುಟುಂಬಗಳ ಮಕ್ಕಳಿಗೆ ನೆಲ ಕೊಡುವ ಕಾಯಿದೆ ಬಂದದ್ದು 1877ರಲ್ಲಿ: ಗಂಡಿಗೆ 10 ಎಕರೆ, ಹೆಣ್ಣಿಗೆ 8. ಯಾರ ನೆಲದ ಮೇಲೆ ಅಪ್ಪಂದಿರು ಅಳಿಯರಾಗಿ ನಿಂತಿದ್ದರೋ ಆ ತಾಯಂದಿರ ಹೆಣ್ಣುಮಕ್ಕಳ ಪಾಲೇ ಕಡಿಮೆ. ಈ ಎರಡು ಎಕರೆಯ ವ್ಯತ್ಯಾಸ ನನ್ನನ್ನು ತುಂಬ ಕಾಡುತ್ತದೆ.

ಮಾವೋರಿಗಳಿಗೂ ಸರ್ಕಾರಕ್ಕೂ ನಡೆದ ಯುದ್ಧಗಳು ಮನೆಗಳನ್ನೇ ಸೀಳಿದವು. ಟ್ಯಾಪ್ಸೆಲ್‌ನ ಹೆಂಡತಿ ಹಿನೆ-ಇ-ತೂರಾಮಾ 1864ರಲ್ಲಿ ಒರಾಕೌ ಕೋಟೆಯಲ್ಲಿ ಬ್ರಿಟಿಷ್ ಪಡೆಗಳ ಎದುರು ನಿಂತವರ ಜೊತೆಗಿದ್ದು ಸತ್ತಳು. ಅವನು ಇನ್ನೂ ಒಂಬತ್ತು ವರ್ಷ ಬದುಕಿದ್ದ.

ಮಿಶ್ರ ಮಕ್ಕಳು ಬಿಳಿಯರಲ್ಲಿ ಕರಗಿಹೋಗುತ್ತಾರೆಂಬ ಎಣಿಕೆ ಮಾತ್ರ ಸುಳ್ಳಾಯಿತು. ತಿಮಿಂಗಿಲ ಬೇಟೆಗಾರ ಜಾರ್ಜ್ ಸ್ಟಬ್ಸ್ ಮತ್ತು ಮೆಟಪೆರೆಯ ಮಗ ವಿ ಪರಾಟಾ. ಶಾಲೆಗೆಂದು ಕೊಟ್ಟ ಬುಡಕಟ್ಟಿನ ನೆಲದಲ್ಲಿ ಶಾಲೆಯೇ ಏಳಲಿಲ್ಲ ಎಂದು ಅವನು ವೆಲಿಂಗ್ಟನ್ನಿನ ಬಿಷಪ್ಪರ ಮೇಲೆ ಮೊಕದ್ದಮೆ ಹೂಡಿದ. 1877ರ ಆ ತೀರ್ಪು ವೈಟಾಂಗಿ ಒಪ್ಪಂದಕ್ಕೆ ಕಾನೂನಿನ ಬೆಲೆಯೇ ಇಲ್ಲವೆಂದಿತು. ಅದನ್ನು ಅಲ್ಲಗಳೆಯಲು ನೂರು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಐರಿಷ್ ಮೂಲದ ತಂದೆ, ಙಾತಿ ಕಹುಙುನು ಬುಡಕಟ್ಟಿನ ತಾಯಿ ತಪುಕೆಯ ಮಗ ಜೇಮ್ಸ್ ಕ್ಯಾರೊಲ್ ಹಂಗಾಮಿ ಪ್ರಧಾನಿಯಾದರು. ಮಕೆರೆತಿ ಅವರ ತಂದೆ ಇಂಗ್ಲಿಷರವ. ಬಿಸಿನೀರ ಬುಗ್ಗೆಗಳ ಫಾಕರೆವರೆವದಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ ಅವರು ಮುಂದೆ ಇಂಗ್ಲೆಂಡಿನವರೊಬ್ಬರನ್ನು ಮದುವೆಯಾಗಿ ಆಕ್ಸ್‌ಫರ್ಡ್ ಸೇರಿ, ತಮ್ಮ ಜನರ ಮದುವೆ, ಮಕ್ಕಳು, ಊಟ, ಮನೆಗಳ ಬಗ್ಗೆ ಒಳಗಿನವರಾಗಿ ಬರೆದರು. ಅವರು 1930ರಲ್ಲಿ ತೀರಿಕೊಂಡ ಮೇಲೆ, 1938ರಲ್ಲಿ ಆ ಪುಸ್ತಕ ಅಚ್ಚಾಯಿತು. ಇಂಗ್ಲಿಷ್ ಸರ್ವೇಯರ್ ಸೆರಾಂಕ್ ಎಂಬವನ ಹೆಸರು ಮಾವೋರಿ ನಾಲಗೆಯಲ್ಲಿ ‘ಹೆರಂಗಿ’ ಆಯಿತು. ಅವನ ಮೊಮ್ಮಗಳು ತೆ ಪುಯೆಯಾ ಹೆರಂಗಿ ಮಾವೋರಿ ಅರಸೊತ್ತಿಗೆಯ ಚಳವಳಿಗೆ ಬೆನ್ನೆಲುಬಾದರು.

ಪ್ರೀತಿಯನ್ನು ಎಲ್ಲಿ ಹುಡುಕುವುದು?

ಕಾಗದ ಬರೆದವರು ಹೆಚ್ಚಾಗಿ ಗಂಡಸರು, ಪಾದ್ರಿಗಳು, ಅಧಿಕಾರಿಗಳು. ಹೆಂಗಸರ ಮನಸ್ಸು ಅಲ್ಲಿ ಕಾಣುವುದು ಕಡಿಮೆ. ಙಾಯಿ ತಾಹು ಮೂಲದವರೇ ಆದ ಇತಿಹಾಸಕಾರ್ತಿ ಆಂಜೆಲಾ ವನ್ಹಲಾ ಈ ಕುಟುಂಬಗಳ ಇತಿಹಾಸವನ್ನು ಎರಡು ಪುಸ್ತಕಗಳಲ್ಲಿ ಬಿಡಿಸಿಟ್ಟಿದ್ದಾರೆ. ಹೆಸರಿಟ್ಟ ರೀತಿ, ಯಾರು ಯಾರನ್ನು ಸಾಕಿದರು, ಯಾರು ಎಲ್ಲಿ ಉಳಿದರು ಇಂಥ ಸಣ್ಣ ಗುರುತುಗಳಲ್ಲೇ ಒಲವನ್ನು ಹುಡುಕಬೇಕು. 1840ರ ದಶಕದಲ್ಲಿ ಕರಾವಳಿಯ ತಿಮಿಂಗಿಲ ಬೇಟೆ ನೆಲಕಚ್ಚಿತು, ವ್ಯಾಪಾರದ ಲಾಭ ಮುಗಿಯಿತು. ಕೆಲವರು ಹೆಂಡತಿ ಮಕ್ಕಳನ್ನು ಬಿಟ್ಟು ಹಡಗು ಹತ್ತಿದರು. ಅನೇಕರು ಹತ್ತಲಿಲ್ಲ, ಹೆಂಡತಿಯ ಊರಿನಲ್ಲೇ ಆಲೂಗೆಡ್ಡೆ ಬೆಳೆದು, ಹಂದಿ ಸಾಕಿ, ಅಲ್ಲೇ ಮಣ್ಣಾದರು.

1929ರಲ್ಲಿ ಭಾರತೀಯರನ್ನೂ ಈ ಕಥೆಗೆ ಎಳೆದು ತರಲಾಯಿತು. ಚೀನೀ ಮತ್ತು ಭಾರತೀಯರ ತರಕಾರಿ ತೋಟಗಳಲ್ಲಿ ದುಡಿಯುವ ಮಾವೋರಿ ಹೆಣ್ಣುಗಳ ಬಗ್ಗೆ ಸರ್ಕಾರ ವಿಚಾರಣಾ ಸಮಿತಿ ಕೂರಿಸಿತು. ಬಿಳಿಯ ಗಂಡನಾದರೆ ಏಳಿಗೆ, ಏಷ್ಯಾದ ಗಂಡನಾದರೆ ಕೇಡು ಎಂಬುದು ಆ ಗದ್ದಲದ ಹಿಂದಿದ್ದ ತರ್ಕ. ಆದರೂ ಅಂಥ ಮನೆಗಳು ಹುಟ್ಟಿದವು, ಇವತ್ತಿಗೂ ಬಾಳುತ್ತಿವೆ.

ಜಾಕಿ ಲವ್‌ನ ಮನೆತನವೂ ಬೆಳೆಯಿತು. ಅದೇ ಬಳ್ಳಿಯ ಎರುವೆರಾ ಲವ್ ಎರಡನೇ ಮಹಾಯುದ್ಧದಲ್ಲಿ ಮಾವೋರಿ ದಳವನ್ನು ಮುನ್ನಡೆಸಿದ ಮೊದಲ ಮಾವೋರಿ ದಳಪತಿ. 1942ರಲ್ಲಿ ಉತ್ತರ ಆಫ್ರಿಕದಲ್ಲಿ ಮಡಿದರು.

ದಕ್ಷಿಣದ ತುದಿಯ ರಾಕಿಯುರಾ ದ್ವೀಪದ ಸುತ್ತ ಮೂವತ್ತಕ್ಕೂ ಹೆಚ್ಚು ಸಣ್ಣ ದ್ವೀಪಗಳಿವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅಲ್ಲಿ ‘ತೀತೀ’ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿದು ಉಪ್ಪು ಹಾಕಿಡುವ ಸುಗ್ಗಿ. ಹಿಂದೆ ಅವನ್ನು ಕಡಲಪಾಚಿಯ ಚೀಲಗಳಲ್ಲಿ ತುಂಬಿಡುತ್ತಿದ್ದರು. ಆ ಹಕ್ಕು ರಾಕಿಯುರಾ ಮಾವೋರಿಗಳಿಗೆ ಮಾತ್ರ, ಅದೂ ಹುಟ್ಟಿನಿಂದ. ಹಕ್ಕುಳ್ಳ ಎಷ್ಟೋ ಮನೆಗಳ ಅಡ್ಡಹೆಸರು ಇಂಗ್ಲಿಷ್, ಇನ್ನೂರು ವರ್ಷದ ಹಿಂದೆ ಸೀಲ್ ಬೇಟೆಗೆ ಬಂದು ಉಳಿದವರದು. ಹಕ್ಕು ಮಾತ್ರ ಅವರು ಕೈಹಿಡಿದ ಹೆಂಗಸರಿಂದ ಇಳಿದು ಬಂದದ್ದು. ಹೊರಗಿನಿಂದ ಮದುವೆಯಾಗಿ ಬಂದ ಗಂಡನೋ ಹೆಂಡತಿಯೋ ಈಗಲೂ ಆ ದ್ವೀಪಕ್ಕೆ ತಮ್ಮ ಹಕ್ಕಿನಿಂದ ಹೋಗುವುದಿಲ್ಲ. ಸಂಗಾತಿಯ ಜೊತೆಗೆ ದೋಣಿ ಹತ್ತುತ್ತಾರೆ.