ಗುಡಿ ಕೆಡವಿದವನ ಮಾಯಾಲೋಕ

ಕ್ರಿ.ಶ. 700ರಲ್ಲಿ ಚೀನಾದ ಸಾಮ್ರಾಜ್ಞಿ ವೂ ಜೆಟಿಯನ್‌ಗೆ ಭಾರೀ ಬುದ್ಧವಿಗ್ರಹವೊಂದನ್ನು ಮಾಡಿಸುವ ಆಸೆಯಾಯಿತು. ಖರ್ಚಿಗೆ ಭಿಕ್ಷು, ಭಿಕ್ಷುಣಿಯರೆಲ್ಲ ದಿನಕ್ಕೊಂದು ಕಾಸು ಕೊಡಬೇಕೆಂದು ಲೆಕ್ಕವೂ ಆಯಿತು. ಬೇಡವೆಂದು ಅರ್ಜಿ ಬರೆದವನು ಮುದಿ ಮಂತ್ರಿ ದೀ ರೆನ್‌ಜಿಯೆ. ಆಕೆ ಕೈಬಿಟ್ಟಳು, ಅದೇ ವರ್ಷ ಅವನು ತೀರಿಕೊಂಡ. 2010ರಲ್ಲಿ ಹಾಂಗ್‌ಕಾಂಗ್‌ನ ತ್ಸುಯಿ ಹಾರ್ಕ್ ಅದೇ ದೀಯನ್ನು ಪತ್ತೇದಾರನಾಗಿಸಿ ಸಿನಿಮಾ ಮಾಡಿದಾಗ ಕಥೆಯ ನಟ್ಟನಡುವೆ ನಿಲ್ಲಿಸಿದ್ದು ಮುಗಿಲು ಮುಟ್ಟುವ ಬುದ್ಧನನ್ನೇ!

ಇತಿಹಾಸದ ದೀ ಪವಾಡಗಳಿಗೆ ಒಲಿದವನಲ್ಲ. 688ರಲ್ಲಿ ದಕ್ಷಿಣದ ಸೀಮೆಗೆ ಅಧಿಕಾರಿಯಾಗಿ ಹೋದಾಗ ಸರ್ಕಾರದ ಮಾನ್ಯತೆಯಿಲ್ಲದ 1,700 ಗುಡಿಗಳನ್ನು ಕೆಡವಿಸಿ ನಾಲ್ಕನ್ನಷ್ಟೇ ಉಳಿಸಿದ. ಅದಕ್ಕೂ ಮುಂಚೆ ರಾಜಧಾನಿಯ ನ್ಯಾಯಾಲಯದಲ್ಲಿ ಒಂದೇ ವರ್ಷದೊಳಗೆ 17,000 ಜನರ ವ್ಯಾಜ್ಯ ತೀರಿಸಿದನಂತೆ. ಒಬ್ಬನೂ ತಕರಾರು ತೆಗೆಯಲಿಲ್ಲವೆಂದು ತಾಂಗ್ ವಂಶದ ಚರಿತ್ರೆ ಹೇಳುತ್ತದೆ. ಆಸ್ಥಾನದ ಬರಹ, ತುಸು ಉಪ್ಪು ಖಾರ ಇದ್ದೀತು. ನನಗೆ ಹೆಚ್ಚು ಹಿಡಿಸುವುದು 692ರ ಪ್ರಸಂಗ. ರಾಜದ್ರೋಹದ ಸುಳ್ಳು ಆರೋಪದಲ್ಲಿ ಸೆರೆಬಿದ್ದಾಗ ಅವನು ಮಾಡಿಲ್ಲದ ತಪ್ಪನ್ನು ತಕ್ಷಣ ಒಪ್ಪಿಕೊಂಡು ಚಿತ್ರಹಿಂಸೆಯಿಂದ ಪಾರಾದ. ಆಮೇಲೆ ಹೊದಿಕೆಯ ಬಟ್ಟೆ ಹರಿದು ಅದರ ಮೇಲೆ ಅಹವಾಲು ಬರೆದು, ಅಂಗಿಯೊಳಗೆ ಅಡಗಿಸಿ ಮನೆಗೆ ಕಳಿಸಿದ. ಮಗನ ಕೈಸೇರಿದ ಅದು ಸಾಮ್ರಾಜ್ಞಿಯವರೆಗೂ ಹೋಗಿ ಅಪ್ಪನ ಜೀವ ಉಳಿಸಿತು.

ಇಂಥವನ ಸುತ್ತ ಕಥೆ ಬೆಳೆಯದಿದ್ದೀತೆ? ನ್ಯಾಯಾಧೀಶನೇ ಅಪರಾಧ ಪತ್ತೆಹಚ್ಚುವ ಕಥೆಗಳು ಚೀನಾದಲ್ಲಿ ಬಹು ಹಿಂದಿನಿಂದ ಇವೆ. ದೀಯ ಮೇಲಿನ ಅನಾಮಧೇಯ ಕಾದಂಬರಿಯೊಂದು ರಾಬರ್ಟ್ ವಾನ್ ಗುಲಿಕ್ ಎಂಬ ಡಚ್ ರಾಜತಾಂತ್ರಿಕರ ಕೈಗೆ ಸಿಕ್ಕಿತು. 1949ರಲ್ಲಿ ಟೋಕಿಯೋದಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಸಾಮ್ರಾಜ್ಞಿಯ ಆಸ್ಥಾನದ ಕಥೆಯಿದ್ದ ಉತ್ತರಾರ್ಧವನ್ನು ಬಿಟ್ಟೇಬಿಟ್ಟರು. ದೆವ್ವಭೂತಗಳ ಕಾಟ ಕಡಿಮೆ ಎಂಬುದೇ ಈ ಕಾದಂಬರಿಯನ್ನು ಆರಿಸಲು ಅವರಿಗಿದ್ದ ಒಂದು ಕಾರಣ.

ಈ ಗುಲಿಕ್ ನಮ್ಮ ಓದುಗರಿಗೆ ಪೂರ್ತಿ ಪರಕೀಯರೇನಲ್ಲ. 1932ರಲ್ಲಿ ಕಾಳಿದಾಸನ ವಿಕ್ರಮೋರ್ವಶೀಯವನ್ನು ಡಚ್ ಭಾಷೆಗೆ ತಂದವರು. 1935ರ ಅವರ ಡಾಕ್ಟರೇಟ್ ಪ್ರಬಂಧದ ವಸ್ತು ಹಯಗ್ರೀವ! ಸೋದೆಯ ವಾದಿರಾಜರ ಆರಾಧ್ಯದೈವ, ಉಡುಪಿ ಕಡೆಯವರಿಗೆ ಮಡ್ಡಿ ಎಂಬ ಸಿಹಿಯ ರುಚಿಯಲ್ಲಿ ಗೊತ್ತಿರುವ ಅದೇ ಕುದುರೆಮುಖದ ದೇವರು ಚೀನಾ, ಜಪಾನುಗಳಿಗೆ ಹೋಗಿ ಏನಾದನೆಂದು ಹುಡುಕಿದ್ದರು. ದೆಹಲಿಯಲ್ಲೂ ಕೆಲಸ ಮಾಡಿದರು. 1958ರಲ್ಲಿ ಲೆಬನಾನ್ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯುವಾಗ ಅವರಿದ್ದದ್ದು ಬೈರೂತ್‌ನಲ್ಲಿ. ಅನುವಾದ ಮುಗಿದ ಮೇಲೆ ದೀಯನ್ನೇ ನಾಯಕನಾಗಿಸಿ ಸ್ವಂತ ಕಾದಂಬರಿಗಳನ್ನು ಬರೆಯತೊಡಗಿದ್ದರು. ಅವುಗಳಲ್ಲಿ ಕೆಲವು ಬೈರೂತಿನಲ್ಲೇ ಹುಟ್ಟಿದವು. ಹಳೆಯ ಚೀನೀ ಶೈಲಿಯ ಚಿತ್ರಗಳೂ ಅವರ ಕೈಯವೇ.

ಗುಲಿಕ್ ಕಳೆದದ್ದನ್ನೆಲ್ಲ ತ್ಸುಯಿ ಹಾರ್ಕ್ ಮತ್ತೆ ಕೂಡಿಸಿದರು. ಸಾಮ್ರಾಜ್ಞಿ ಬಂದಳು, ಮಾಟಮಂತ್ರವೂ ಬಂತು. ಪಟ್ಟಾಭಿಷೇಕ ಹತ್ತಿರವಿರುವಾಗ ವಿಗ್ರಹದ ಉಸ್ತುವಾರಿಯ ಅಧಿಕಾರಿಗಳು ಇದ್ದಕ್ಕಿದ್ದಂತೆ ಹೊತ್ತಿಕೊಂಡು ಬೂದಿಯಾಗುತ್ತಾರೆ. ಕಂಬದ ರಕ್ಷಾಪತ್ರ ಕಿತ್ತದ್ದಕ್ಕೆ ದೇವರ ಶಾಪವೆಂದು ಊರು ನಂಬುತ್ತದೆ. ಸೆರೆಯಿಂದ ಹೊರಬಂದ ದೀ (ಆಂಡಿ ಲೌ) ನಂಬುವುದಿಲ್ಲ. ಬಿಸಿಲು ತಾಗಿದರೆ ಉರಿಯುವ ಜೀರುಂಡೆಗಳ ಜಾಡು ಹಿಡಿಯುತ್ತಾನೆ. ವಿಜ್ಞಾನ ಒಪ್ಪುವ ಕೀಟವಲ್ಲ, ಆದರೂ ಶಾಪವಲ್ಲ, ಕೀಟ! ಆ ಹಟದಲ್ಲಿ ಹಳೆಯ ದೀ ಕಾಣುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿದವರಿಗೆ ಈ ಹಟ ಪರಿಚಿತ.

ಬೆಂಕಿಯೂ ಪೂರ್ತಿ ಕಲ್ಪನೆಯಲ್ಲ. ವೂ ಮುಂಚೆ ಕಟ್ಟಿಸಿದ್ದ ಇನ್ನೊಂದು ಬೃಹತ್ ವಿಗ್ರಹದ ಮಂದಿರ 695ರಲ್ಲಿ ನಿಜಕ್ಕೂ ಸುಟ್ಟುಹೋಗಿತ್ತು.

ಕುವೈತ್‌ನ ಸಾಲ್ಮಿಯಾದ ನಮ್ಮ ಮನೆಯಲ್ಲಿ ಶುಕ್ರವಾರದ ರಜೆಗೆ ಈ ಚಿತ್ರ ಹಾಕಿದ್ದೆವು. ರಾಜಗುರು ಜಿಂಕೆಯ ರೂಪದಲ್ಲಿ ಬಂದು ಮಾತಾಡಿದ್ದೇ ತಡ, ಮಕ್ಕಳು "ಮಾರೀಚ!" ಎಂದು ಕೂಗಿದರು. ಮುಂದಿನ ಎರಡು ಚಿತ್ರಗಳು, 2013 ಮತ್ತು 2018ರವು, ದೀಯ ಯೌವನಕ್ಕೆ ಹಿಂದೆ ಸರಿಯುತ್ತವೆ. ನಾಯಕ ಮಾರ್ಕ್ ಚಾವ್. ಕಡಲ ರಾಕ್ಷಸನೂ ಬರುತ್ತಾನೆ, ಗ್ರಾಫಿಕ್ಸ್ ಹೆಚ್ಚುತ್ತದೆ, ತನಿಖೆ ಕರಗುತ್ತದೆ. ಮಕ್ಕಳಿಗೆ ಇಷ್ಟವಾದದ್ದು ಅವೇ.