ಹಳೆಯ ಜಾವಾದ ಇಂಧನಪಥ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿ, ಮುಂದೆ ಯೆಜ್ಡಿಯೆಂಬ ಹೆಸರನ್ನು ತಳೆದು, 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ನಾಡಿನ ಹಾದಿಗಳಲ್ಲೆಲ್ಲ ಮೊಳಗಿದ ಮೋಟಾರುಸೈಕಲ್ಲನ್ನು ಇಂದಿಗೂ ಕೈಬಿಡಲೊಲ್ಲದ ಮನೆತನಗಳು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಉಂಟು. ಆ ಗಾಡಿಯನ್ನು ಜೀವಂತವಾಗಿರಿಸುವ ವಿದ್ಯೆ ಬಹುಮಟ್ಟಿಗೆ ಕಾರ್ಬೋರೇಟರಿನ ವಿದ್ಯೆಯೇ. ಗಾಳಿಯನ್ನೂ ಪೆಟ್ರೋಲನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸುವ ಆ ಪುಟ್ಟ ಲೋಹಯಂತ್ರದ ಅಂತರಂಗವನ್ನು ಬಲ್ಲ ಮಿಸ್ತ್ರಿಯು ನಿಜಕ್ಕೂ ಗೌರವಾರ್ಹನು.

"ಎಣ್ಣಿ ಬರವಲ್ದರೀ" ಎಂದು ಗಾಡಿಯನ್ನು ತಳ್ಳಿಕೊಂಡು ಬಂದವನ ಮಾತು ಕೇಳಿದೊಡನೆ ಒಳ್ಳೆಯ ಮಿಸ್ತ್ರಿ ಪಾನಾ ಹಿಡಿಯುವುದಿಲ್ಲ. ಮೊದಲು ಟಾಕಿಯ ಮುಚ್ಚಳವನ್ನು ಪರೀಕ್ಷಿಸುತ್ತಾನೆ. ಅದರ ಸೂಕ್ಷ್ಮರಂಧ್ರವು ಧೂಳಿನಿಂದ ಕಟ್ಟಿದ್ದರೆ, ಗಾಳಿ ಒಳಹೋಗದೆ, ಟಾಕಿ ತುಂಬಿದ್ದರೂ ಪೆಟ್ರೋಲು ಕೆಳಗಿಳಿಯದು. ತರುವಾಯ ಪೈಪು ಬಿಡಿಸಿ, ಟಾಕಿಯ ನಲ್ಲಿಯಾದ ಕಾಕನ್ನು ತೆರೆದು ಧಾರೆಯನ್ನು ನೋಡುವನು. ಧಾರೆ ನಿರಾತಂಕವಾಗಿದ್ದರೆ ದೋಷ ಕಾರ್ಬೋರೇಟರಿನಲ್ಲಿಯೇ ಇರತಕ್ಕುದು.

ಪೆಟ್ರೋಲು ಉಕ್ಕಿ ಸೋರುತ್ತಿದ್ದರೆ ಮಾತ್ರ ನೋಟಕ್ಕಿಂತ ಕಿವಿಯೇ ಪ್ರಮಾಣ. ಕಾರ್ಬೋರೇಟರಿನ ಬಟ್ಟಲಲ್ಲಿ ತೇಲುವ ಹಿತ್ತಾಳೆಯ ಫ್ಲೋಟನ್ನು ತೆಗೆದು, ಒರೆಸಿ, ಕಿವಿಯ ಬಳಿ ಮೆಲ್ಲನೆ ಅಲ್ಲಾಡಿಸಿದಾಗ ಒಳಗೆ ದ್ರವ ಕುಲುಕುವ ಸದ್ದು ಕೇಳಿಸಿದರೆ, ಅದು ತೂತುಬಿದ್ದು, ಭಾರವಾಗಿ, ತೇಲಲಾರದೆ, ಸೂಜಿಯಿಂದ ಒಳದಾರಿಯನ್ನು ಮುಚ್ಚಿಸಲಾರದೆ ಇದೆಯೆಂಬುದು ನಿಶ್ಚಯ. ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆಯೇಳುವ ಎಡೆಯೇ ತೂತು. ಒಳಗಿನ ಪೆಟ್ರೋಲು ಹನಿಯೂ ಉಳಿಯದಂತೆ ಹೋದ ಮೇಲೆಯೇ ಬೆಸುಗೆ. ಪೆಟ್ರೋಲನ್ನು ಅಳೆದುಬಿಡುವ ಕಿರುರಂಧ್ರವಾದ ಜೆಟ್ಟು ಕಟ್ಟಿದ್ದರೆ, ಅದರ ಕಸವನ್ನಾದರೋ ಗಾಳಿಯೂದಿ ತೆಗೆಯಬೇಕು. ಉಕ್ಕಿನ ತಂತಿ ಚುಚ್ಚಿ ರಂಧ್ರವನ್ನು ಹಿಗ್ಗಿಸಿದವನು ಗಾಡಿಯ ಮಿಶ್ರಣವನ್ನು ಕಾಯಮ್ಮಾಗಿ ಕೆಡಿಸಿದಂತೆಯೇ ಸರಿ.

ಟೂ-ಸ್ಟ್ರೋಕ್ ಯಂತ್ರಕ್ಕೆ ಆಯಿಲು ಪೆಟ್ರೋಲಿನೊಡನೆ ಬೆರೆತೇ ಬರುವುದರಿಂದ, ಅರ್ಧ ಕಟ್ಟಿದ ಜೆಟ್ಟು ಗಾಡಿಯ ವೇಗವನ್ನು ಕುಂದಿಸುವುದಷ್ಟೇ ಅಲ್ಲ, ಪಿಸ್ಟನ್ನಿನ ಜಿಡ್ಡನ್ನೂ ಕಸಿಯುತ್ತದೆ. ಕಾದ ಪಿಸ್ಟನ್ನು ಸಿಲಿಂಡರಿನಲ್ಲಿ ಹಿಡಿದುಕೊಳ್ಳುವ ಅನರ್ಥಕ್ಕೆ ಇದೂ ಒಂದು ಹೇತು.

ಈಗ ಇನ್ನೊಂದು ಚಿಂತೆ ಸೇರಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈ ಸೀಮೆಯ ಕಬ್ಬು ಮುಧೋಳದ ಕಾರ್ಖಾನೆಯಲ್ಲಿ ಎಥನಾಲ್ ಆಗಿ ಮಾರ್ಪಡುತ್ತದೆ. ರೈತನಿಗೆ ಅದರಿಂದ ಹಿತವೇ ಆಗಲೆಂದು ಹಾರೈಸುತ್ತೇನೆ. ಆದರೆ ಎಥನಾಲು ತೇವವನ್ನು ಸೆಳೆಯುವ ದ್ರವ. ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಯಿಸುತ್ತದೆ, ನೀರು ಹೆಚ್ಚಾದರೆ ಅದರೊಡನೆ ಬೇರ್ಪಟ್ಟು ಟಾಕಿಯ ತಳಕ್ಕಿಳಿಯುತ್ತದೆ. ಆಯಿಲು ಮೇಲಣ ಪೆಟ್ರೋಲಿನಲ್ಲಿ ಉಳಿದು, ಕಾಕಿನ ಮೂಲಕ ಎಂಜಿನ್ನಿಗೆ ಮೊದಲು ಹೋಗುವುದು ಆಯಿಲಿಲ್ಲದ ಆ ತಳದ ದ್ರವವೇ. ಆದುದರಿಂದ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಕಾಕು ಮುಚ್ಚಿ, ಕಾರ್ಬೋರೇಟರಿನ ಬಟ್ಟಲನ್ನು ಖಾಲಿಮಾಡಿಡಬೇಕು. ಮತ್ತೆ ಹೊರಡುವ ಮುನ್ನ ಟಾಕಿಯ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು, ಅಡಿಯಲ್ಲಿ ಬೇರೆ ಪದರ ಕಂಡರೆ ಇದ್ದಷ್ಟನ್ನೂ ತೆಗೆದು, ಆಯಿಲು ಬೆರೆಸಿದ ಹೊಸ ಪೆಟ್ರೋಲು ತುಂಬಬೇಕು.